ಹತ್ತು ಗುಟುಕಿನ ಲೆಕ್ಕ

ಮಾರ್ಚ್ ೨೦

ಅಮ್ಮಾ,

ನೀನು ಕ್ಷೇಮವಾಗಿ ತಲುಪಿದ ಸುದ್ದಿ ನಿಮ್ಮ ನೀರುನಾಯಿ ಕೇಂದ್ರದ ಆಫೀಸಿನಿಂದ ಇವರ ಫೋನಿಗೆ ಬಂತು. ಎರಡೇ ಸಾಲು. ನಿನ್ನ ಫೋನನ್ನು ಗೇಟಿನಲ್ಲೇ ತೆಗೆದಿಟ್ಟುಕೊಂಡರಂತೆ, ವಾರಕ್ಕೊಮ್ಮೆ ಸಾಮಾನಿನ ಜೀಪು ಬಂದಾಗ ಟಪಾಲು ಹೋಗುತ್ತದಂತೆ, ಕೈಸೇರಲು ಹತ್ತು ಹನ್ನೆರಡು ದಿನವಂತೆ. ‘ಈ ಕಾಲದಲ್ಲೂ ಇಂಥ ಜಾಗ ಇದೆಯಾ’ ಎಂದು ಇವರು ನಕ್ಕರು. ನನಗೇನೋ ಒಳ್ಳೆಯದೇ ಆಯಿತು ಅನ್ನಿಸಿತು. ಫೋನಿನಲ್ಲಾದರೆ ನಾನೊಂದು ಮಾತು ಮುಗಿಸುವಷ್ಟರಲ್ಲಿ ನೀನು ‘ಮಗು ಅಳ್ತಿದೆ, ಇಡು’ ಅನ್ನುತ್ತೀಯ. ಕಾಗದದಲ್ಲಿ ನನ್ನ ಮಾತು ಪೂರ್ತಿಯಾಗುತ್ತದೆ.

ಮನೆಯ ವರದಿ. ನಿನ್ನ ಮೊಮ್ಮಗಳಿಗೆ ಇವರು ಇಟ್ಟ ಹೆಸರು ಗೊತ್ತಲ್ಲ, ಇನ್ಸ್‌ಪೆಕ್ಟರು. ಎರಡೂವರೆ ಗಂಟೆಗೊಮ್ಮೆ ತಪಾಸಣೆ. ಹುಬ್ಬು ಗಂಟಿಕ್ಕಿ ನನ್ನ ಮುಖ ನೋಡುವ ರೀತಿಗೆ, ಯಾವ ಕಡತ ಕಳೆದುಹಾಕಿದೆನೋ ಎಂದು ನಾನೇ ತಡಕಾಡುತ್ತೇನೆ. ದಿನ ತುಂಬಲು ಐದು ವಾರ ಇರುವಾಗಲೇ ಹುಟ್ಟಿದವಳು ಈಗ ಮೂರೂವರೆ ಕಿಲೋ. ನಿನ್ನೆ ಹಸಿರು ಭೇದಿಯಾಯಿತು. ಸರಿಯೇ? ತೇಗು ಒಮ್ಮೊಮ್ಮೆ ಬರುವುದೇ ಇಲ್ಲ. ಸರಿಯೇ? ಬಾಟಲಿಗಳನ್ನು ಮೂರು ಸಲ ಕುದಿಸುತ್ತಿದ್ದೇನೆ. ಇಡೀ ಊರಿನ ಕುಡಿಯುವ ನೀರಿನಲ್ಲಿ ಕ್ರಿಮಿ ಹುಡುಕುವ ಕೆಲಸ ಮಾಡಿದವಳಿಗೆ ಮನೆಯ ನೀರಿನ ಮೇಲೆ ನಂಬಿಕೆ ಬರುವುದು ಕಷ್ಟ. ಹಸುಗೂಸುಗಳ ವಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ನರ್ಸಾಗಿದ್ದವಳ ಮಗಳು ನಾನು. ಆದರೂ ಮಗು ಸೀನಿದರೆ ಥರ್ಮಾಮೀಟರು ಹುಡುಕುತ್ತೇನೆ.

ನನ್ನ ಹಾಲನ್ನೇ ಹಿಂಡಿ ಬಾಟಲಿಗೆ ಹಾಕಿ, ನೀನು ಹೇಳಿಕೊಟ್ಟ ಹಾಗೆಯೇ ಎಣಿಸುತ್ತ ಕುಡಿಸುತ್ತೇನೆ. ಒಂದೂ, ಎರಡೂ, ಮೂರೂ... ಐದಕ್ಕೆ ದನಿ ಏರಿಸಿ, ಹತ್ತಕ್ಕೆ ಇಳಿಸಿ, ಬಾಟಲಿ ತೆಗೆದು, ಬೆನ್ನು ಸವರಿ, ಮತ್ತೆ ಒಂದರಿಂದ. ಮೊದಲ ವಾರ, ಚೀಪುವ ಶಕ್ತಿಯಿಲ್ಲದೆ ಅವಳು ನೀಲಿಗಟ್ಟುತ್ತಿದ್ದಾಗ, ನೀನು ನನ್ನ ಹಾಸಿಗೆಯ ಪಕ್ಕ ಕುಳಿತು ಹಾಗೆ ಎಣಿಸಿ ಎಣಿಸಿ ಮೂವತ್ತು ಮಿಲಿ ಕುಡಿಸಿದ್ದು ನಾನು ಸಾಯುವವರೆಗೆ ಮರೆಯುವುದಿಲ್ಲ. ಎಣಿಕೆ ಶುರುವಾದರೆ ಸಾಕು, ಅವಳ ಅಳು ಅರ್ಧಕ್ಕೆ ನಿಲ್ಲುತ್ತದೆ. ಮೇಲಿನ ಮನೆಯ ಟೈಲರಮ್ಮ ಬಾಗಿಲಲ್ಲಿ ನಿಂತು, ‘ಏನ್ರೀ, ಹಾಲು ಕುಡಿಸೋದೋ, ಮಗ್ಗಿ ಒಪ್ಪಿಸೋದೋ?’ ಅಂತ ಕೇಳಿದರು.

ಮೂರು ವಾರ ತಾನೆ. ನೀರುನಾಯಿಗಳನ್ನು ಕಣ್ತುಂಬ ನೋಡಿಕೊಂಡು ಬಾ. ರಿಟೈರಾದ ಮೇಲಾದರೂ ನಿನಗೊಂದು ರಜೆ ಬೇಡವೆ? ಏಪ್ರಿಲ್ ಆರಕ್ಕೆ ಸ್ಟೇಷನ್ನಿಗೆ ಇವರು ಬರುತ್ತಾರೆ. ನನ್ನ ರಜೆ ಜುಲೈ ಒಂದಕ್ಕೆ ಮುಗಿಯುತ್ತದೆ. ಅವತ್ತು ಪರೀಕ್ಷಾಲಯಕ್ಕೆ ಹಾಜರಾಗದಿದ್ದರೆ, ನನ್ನ ಜಾಗದಲ್ಲಿ ಕೂತಿರುವ ಹುಡುಗಿಯನ್ನೇ ಖಾಯಂ ಮಾಡುತ್ತೇವೆ ಎಂದು ಮೇಲಧಿಕಾರಿ ನಗುನಗುತ್ತಲೇ ಹೇಳಿದ್ದಾರೆ. ನಾನೂ ನಗುತ್ತಲೇ ಹೇಳಿದೆ: ‘ಮನೆಯಲ್ಲಿ ನಮ್ಮಮ್ಮ ಇರ್ತಾರೆ ಸರ್.’

ನಿದ್ದೆಗೆಟ್ಟ ನಿನ್ನ
ಮಗಳು

*

ಏಪ್ರಿಲ್ ೨

ಮಗಳೇ,

ಕಾಗದ ನಿನ್ನೆ ಬಂತು. ಮೊದಲು ಉತ್ತರಗಳು. ಹಸಿರು ಭೇದಿ ಪರವಾಗಿಲ್ಲ, ಮೈ ಬಿಸಿ ಇರಬಾರದು ಅಷ್ಟೆ. ತೇಗು ಬರದಿದ್ದರೆ ಎಡ ಹೆಗಲಿಗೆ ಬದಲಾಯಿಸು. ಬಾಟಲಿ ಒಂದು ಸಲ ಕುದಿಸಿದರೆ ಸಾಕು. ಅವಳು ಮಲಗಿದಾಗ ನೀನೂ ಮಲಗು, ಬಟ್ಟೆ ಒಗೆಯಲು ಏಳಬೇಡ.

ಈಗ ನನ್ನ ಸುದ್ದಿ. ನದಿಯ ದಡದಲ್ಲಿ ಹಲಗೆಯ ಕೋಣೆಗಳು. ನನ್ನ ಕೋಣೆಯಲ್ಲಿ ಮಂಚ, ಮೊಳೆ, ಮೊಳೆಗೆ ಲಾಟೀನು. ಸಾಕುವ ಗೂಡುಗಳು ಏಳು. ಬಲೆಗೆ ಸಿಕ್ಕೋ, ದೋಣಿ ತಾಗಿಯೋ ತಾಯಿ ಸತ್ತುಹೋದ ನೀರುನಾಯಿ ಮರಿಗಳು ಇಲ್ಲಿಗೆ ಬರುತ್ತವೆ. ಒಂದು ವರ್ಷ ಸಾಕಿ ನದಿಗೆ ಬಿಡುತ್ತಾರೆ. ನಿನಗೆ ನಗು ಬರುತ್ತದೆ, ಕೇಳು: ಈ ಮರಿಗಳಿಗೆ ನೀರು ಕಂಡರೆ ಭಯ! ಪಾತ್ರೆ ನೀರಿಗೆ ಕಾಲಿಟ್ಟರೆ ಕಿರುಚುತ್ತವೆ. ಈಜೋದು ತಾಯಿ ಕಲಿಸಬೇಕು.

ಮೊನ್ನೆ ಬೆಳಿಗ್ಗೆ ದುರ್ಬೀನು ಕೊಟ್ಟು ದಡಕ್ಕೆ ಕರೆದುಕೊಂಡು ಹೋದರು. ಎರಡು ಗಂಟೆ ಬಂಡೆಯ ಹಿಂದೆ ಕೂತಿದ್ದೆವು, ಸೊಂಟ ಹಿಡಿದುಕೊಂಡಿತು. ಇನ್ನೇನು ಏಳಬೇಕು, ಅಷ್ಟರಲ್ಲಿ ನೀರು ಸೀಳಿಕೊಂಡು ಒಂದು ತಲೆ, ಅದರ ಹಿಂದೆ ಇನ್ನೊಂದು. ಒಟ್ಟು ಐದು. ಕಾಡಿನವು, ಯಾರೂ ಸಾಕಿದವಲ್ಲ. ದೊಡ್ಡದು ಮೀನನ್ನು ಎರಡು ಕೈಯಲ್ಲಿ ಹಿಡಿದು ತಲೆಯಿಂದ ಕರುಂಕುರುಂ ತಿಂದಿತು. ತಾಯಿ ಮಾತ್ರ ತಿನ್ನಲಿಲ್ಲ. ದಡದಲ್ಲಿ ಕೂತು ರಚ್ಚೆ ಹಿಡಿದ ಮರಿಯ ಕತ್ತಿನ ಚರ್ಮ ಕಚ್ಚಿ ಎಳೆದು ನೀರಿಗೆ ಹಾಕಿತು. ಮುಳುಗಿತು, ಎದ್ದಿತು, ಮುಳುಗಿತು. ನಾನು ಬಾಯಿ ಮೇಲೆ ಕೈ ಇಟ್ಟುಕೊಂಡೆ. ಆಮೇಲೆ ಈಜಿತು. ಮಗಳೇ, ಅರವತ್ತು ವರ್ಷಕ್ಕೆ ನಾನು ನೋಡಿದ್ದು ಗೋಡೆ, ಪರದೆ, ಕಾವುಪೆಟ್ಟಿಗೆ. ಇಷ್ಟು ದೊಡ್ಡ ಬೆಳಗು ನೋಡಿರಲಿಲ್ಲ.

ನನ್ನ ಸರದಿಗೆ ಸಿಕ್ಕಿರುವುದು ಹನ್ನೊಂದು. ಹನ್ನೊಂದು ಮರಿಗಳಲ್ಲ, ಹನ್ನೊಂದನೇ ನಂಬರಿನ ಒಂದು ಮರಿ. ಇಲ್ಲಿ ಹೆಸರಿಡುವ ಹಾಗಿಲ್ಲ. ಹೆಸರಿಟ್ಟರೆ ಕರೆಯುವ ಆಸೆ ಬರುತ್ತದೆ ಎನ್ನುತ್ತಾರೆ ಡಾಕ್ಟರಮ್ಮ. ತುಂಬ ಕಟ್ಟುನಿಟ್ಟು. ಗೂಡಿನೊಳಗೆ ಹೋಗುವ ಮೊದಲು ಎಲ್ಲರೂ ಒಂದೇ ಥರದ ಹುಲ್ಲಿನ ಬಣ್ಣದ ನಿಲುವಂಗಿ ಹಾಕಬೇಕು, ಮುಖಕ್ಕೆ ಬಟ್ಟೆ ಕಟ್ಟಬೇಕು. ಸೋಪು, ಎಣ್ಣೆ, ಯಾವ ವಾಸನೆಯೂ ಇರಬಾರದು. ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಮುಖ್ಯವಾಗಿ, ಒಂದು ಮಾತೂ ಆಡಬಾರದು. ಎರಡು ದಿನಕ್ಕೊಮ್ಮೆ ಕುಡಿಸುವವರು ಬದಲಾಗಬೇಕು. ಹಾಲು ಬರುತ್ತದೆ, ಆದರೆ ಯಾರ ಕೈಯಿಂದ ಬಂತು ಎಂದು ಮರಿಗೆ ತಿಳಿಯಬಾರದು. ತಿಳಿದರೆ ಅದು ಆಮೇಲೆ ಯಾವ ಮನುಷ್ಯರನ್ನು ಕಂಡರೂ ಹತ್ತಿರ ಬರುತ್ತದೆ; ಬಂದರೆ ಬಲೆಯವರ ಕೈಗೆ ಸಿಕ್ಕಿ ಸಾಯುತ್ತದೆ.

ಹನ್ನೊಂದರ ತೂಕ ನಾನೂರ ಹತ್ತು ಗ್ರಾಂ. ಬೆಳಿಗ್ಗೆ ಹದಿನೈದು ಮಿಲಿ. ಕಕ್ಕಲಿಲ್ಲ.

ಇಲ್ಲಿ ಕೆಲಸ ಜಾಸ್ತಿ, ಜನ ಕಡಿಮೆ. ಇನ್ನೂ ಸ್ವಲ್ಪ ದಿನ ಇರಬೇಕಾಗಬಹುದು. ನೀನು ಗಾಬರಿಯಾಗಬೇಡ.

ಅಮ್ಮ

*

ಏಪ್ರಿಲ್ ೧೬

ಅಮ್ಮಾ,

ಆರನೇ ತಾರೀಕು ಬೆಳಿಗ್ಗೆ ನಾನು ಮಂಚದ ಚಾದರ ಬದಲಾಯಿಸಿದೆ. ನಿನ್ನ ದಿಂಬಿಗೆ ನೀಲಿ ಕವರು ಹಾಕಿದೆ. ಮಗುವಿಗೆ ನೀನು ಹೊಲಿದ ಅಂಗಿ ತೊಡಿಸಿದೆ, ಅದೀಗ ತೋಳಲ್ಲಿ ಬಿಗಿಯಾಗಿದೆ. ಇವರು ಸ್ಟೇಷನ್ನಿಗೆ ಹೊರಡಲೇ ಇಲ್ಲ. ‘ಅತ್ತೆ ಬರೋದು ತಡ ಆಗುತ್ತೆ ಅನ್ಸುತ್ತೆ’ ಅಂದರು. ‘ಯಾರು ಹೇಳಿದ್ದು?’ ಅಂದೆ. ‘ಯಾರೂ ಇಲ್ಲ, ಹಾಗೇ ಅನ್ನಿಸ್ತು’ ಅಂದರು. ಪ್ರೆಸ್ಸಿನಲ್ಲಿ ಇಡೀ ದಿನ ಬೇರೆಯವರ ಅಕ್ಷರ ಅಚ್ಚು ಹಾಕುವವರು ಇವರು. ಸ್ವಂತದ ಮಾತು ಬಂದರೆ ಎರಡು ಶಬ್ದ ದಾಟುವುದಿಲ್ಲ. ನಾನು ಆಗ ಹೆಚ್ಚು ಯೋಚಿಸಲಿಲ್ಲ. ಹನ್ನೊಂದನೇ ತಾರೀಕು ನಿನ್ನ ಕಾಗದ ಬಂತು.

‘ಸ್ವಲ್ಪ ದಿನ’ ಅಂದರೆ ಎಷ್ಟು ದಿನ? ನೀನು ವಾರ್ಡಿನಲ್ಲಿದ್ದಾಗಲೂ ಹೀಗೆಯೇ ಹೇಳುತ್ತಿದ್ದೆ: ‘ಸ್ವಲ್ಪ ಹೊತ್ತು, ಬಂದೆ.’ ದೊಡ್ಡಮ್ಮ ನನಗೆ ಊಟ ಮಾಡಿಸಿ, ಜಡೆ ಬಿಚ್ಚಿ, ಪಾಠ ಓದಿಸಿ, ಕೊನೆಗೆ ಮಲಗಿಸಿ ದೀಪ ಆರಿಸುತ್ತಿದ್ದಳು. ನಿನ್ನ ಸ್ವಲ್ಪ ಹೊತ್ತು ಇನ್ನೂ ಮುಗಿದಿರುತ್ತಿರಲಿಲ್ಲ. ದೂರುತ್ತಿಲ್ಲ. ನಿನ್ನ ಸಂಬಳದಲ್ಲಿ ನಾನು ಓದಿದ್ದು, ಮರೆತಿಲ್ಲ. ಆದರೆ ಈಗ ಯಾವ ಡ್ಯೂಟಿ ಅಮ್ಮ? ಯಾವ ಹೆಡ್ ನರ್ಸು ನಿನ್ನನ್ನು ಬಿಡುತ್ತಿಲ್ಲ?

ಮಗುವಿಗೆ ಮೂಗು ಕಟ್ಟಿತ್ತು, ಮೂರು ದಿನ. ಡಾಕ್ಟರು ಏನೂ ಇಲ್ಲ ಅಂದರು. ಮನೆಗೆ ಬಂದ ಮೇಲೆ ಆ ‘ಏನೂ ಇಲ್ಲ’ ಎಂಬ ಮಾತನ್ನು ಅವರು ಯಾವ ದನಿಯಲ್ಲಿ ಹೇಳಿದರು ಎಂದು ನೆನೆಯುತ್ತ ಕೂತೆ. ಅವಳು ಮಲಗಿದರೆ ಉಸಿರಾಡುತ್ತಿದ್ದಾಳೋ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ. ಬೆರಳು ತಾಗಿ ಏಳುತ್ತಾಳೆ. ಎದ್ದರೆ ನಾನೇ ಎಬ್ಬಿಸಿದೆ ಎಂದು ಅಳು ಬರುತ್ತದೆ. ನೀನು ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತ ಮಲಗಿದ್ದರೂ ಸಾಕಿತ್ತು.

ನಿನ್ನ ಹನ್ನೊಂದು ಚೆನ್ನಾಗಿರಲಿ. ಆದರೆ ಇಲ್ಲಿ ನಂಬರಿಲ್ಲದ ಒಂದು ಮರಿ ಇದೆ. ತಾರೀಕು ಬರೆ.

ಮಗಳು

*

ಏಪ್ರಿಲ್ ೨೯

ಮಗಳೇ,

ಒಂದು ತಪ್ಪಾಗಿದೆ. ಬೇರೆ ಯಾರಿಗೂ ಹೇಳುವ ಹಾಗಿಲ್ಲ.

ಹನ್ನೊಂದು ಮೊದಲ ದಿನದಿಂದಲೂ ಕುಡಿಯುವುದಿಲ್ಲವೆಂದು ಹಟ. ಬೇರೆ ಸ್ವಯಂಸೇವಕರ ಕೈಯಲ್ಲಿ ಐದು ಮಿಲಿ, ಆರು ಮಿಲಿ. ತೂಕ ಇಳಿಯುತ್ತಿತ್ತು. ನನ್ನ ಸರದಿ ಬಂದಾಗ ಮಡಿಲಲ್ಲಿಟ್ಟುಕೊಂಡು ಬಾಟಲಿ ಹಿಡಿದೆ. ಅಷ್ಟೇ ನನಗೆ ನೆನಪು. ಮೂವತ್ತನಾಲ್ಕು ವರ್ಷದ ಅಭ್ಯಾಸ ಕಣೇ, ಕೈಗೆ ಬಾಟಲಿ ಬಂದರೆ ಬಾಯಿ ತಾನಾಗಿ ಎಣಿಸುತ್ತದೆ. ಒಂದೂ, ಎರಡೂ, ಮೂರೂ... ಬಟ್ಟೆಯ ಒಳಗೆ, ಪಿಸುದನಿಯಲ್ಲಿ. ನನಗೇ ತಿಳಿಯಲಿಲ್ಲ. ಅದಕ್ಕೆ ತಿಳಿಯಿತು. ಇಪ್ಪತ್ತು ಮಿಲಿ ಒಂದೇ ಸಲಕ್ಕೆ. ಹತ್ತಕ್ಕೆ ನಿಲ್ಲಿಸಿದರೆ ಮೂತಿ ಎತ್ತಿ, ಮೀಸೆ ಕುಣಿಸಿ, ನನ್ನ ಗಂಟಲಿನ ಕಡೆ ನೋಡುತ್ತಿತ್ತು. ಮರುದಿನವೂ ಎಣಿಸಿದೆ. ಆಗ ಗೊತ್ತಿದ್ದೇ ಎಣಿಸಿದೆ.

ಮೂರನೇ ವಾರ ಡಾಕ್ಟರಮ್ಮ ಗೂಡಿನ ಹೊರಗೆ ನಿಂತಿದ್ದರು. ನಾನು ಈಚೆ ಬಂದು ಮುಖದ ಬಟ್ಟೆ ಬಿಚ್ಚುವವರೆಗೆ ಕಾದರು. ನನ್ನ ಹರಕುಮುರುಕು ಇಂಗ್ಲಿಷಿಗೆ ಅರ್ಥವಾದದ್ದು ಇಷ್ಟು: ‘ನೀವು ಅದಕ್ಕೆ ಹಾಲು ಕುಡಿಸಿಲ್ಲ. ನಿಮ್ಮನ್ನ ಕುಡಿಸಿದ್ದೀರಿ.’

ಈಗ ಅದು ಎಣಿಸದವರ ಕೈಯಲ್ಲಿ ಬಾಯಿ ತೆರೆಯುವುದಿಲ್ಲ. ಹೊರಗೆ ನಾನು ಕೆಮ್ಮಿದರೆ ಹಲಗೆ ಕೆರೆಯುತ್ತದೆ. ಇಂಥ ಹೊತ್ತಿನಲ್ಲಿ ಬಿಟ್ಟು ಬರುವುದು ಹೇಗೆ ಹೇಳು. ಮೀನು ತಿನ್ನಲು ಕಲಿಯುವವರೆಗಾದರೂ ಇರಬೇಕು. ಜೂನ್ ಕೊನೆ ಆಗಬಹುದು. ಜುಲೈ ಒಂದರ ನೆನಪು ನನಗಿದೆ. ನಿನ್ನ ಕೆಲಸಕ್ಕೆ ತೊಂದರೆ ಆಗಲು ಬಿಡುವುದಿಲ್ಲ.

ಮೂಗಿಗೆ ಉಪ್ಪುನೀರಿನ ಹನಿ ಸಾಕು. ಬೆರಳು ಹಿಡಿಯಬೇಡ, ಹೊಟ್ಟೆ ಏರಿಳಿಯುವುದನ್ನು ನೋಡು.

ಅಮ್ಮ

*

ಮೇ ೧೨

ಅಮ್ಮಾ,

ಎರಡು ಲಕೋಟೆ ಒಂದೇ ದಿನ ಬಂದವು. ಒಂದು ನಿನ್ನದು. ಇನ್ನೊಂದು ನಿಮ್ಮ ಕೇಂದ್ರದ್ದು, ‘ಕುಟುಂಬದವರಿಗೆ’ ಎಂದು ಬರೆದದ್ದು. ನಿನ್ನ ಕಾಗದವನ್ನೇ ಮೊದಲು ಓದಿದೆ. ಮರಿಯ ಮೇಲೆ ಪಾಪ ಅನ್ನಿಸಿತು. ನಿನ್ನ ಮೇಲೂ ಅನ್ನಿಸಿತು. ಅಷ್ಟು ಸುಲಭಕ್ಕೆ ಕರಗುತ್ತೇನೆ ನಾನು.

ಆಮೇಲೆ ಇನ್ನೊಂದನ್ನು ಒಡೆದೆ. ನಿಮ್ಮ ತಾಯಿಯವರು ಸೇವೆಗೆ ಬಂದದ್ದಕ್ಕೆ ಕೃತಜ್ಞತೆಗಳು, ಅವರು ಬರೆದುಕೊಟ್ಟ ಒಪ್ಪಿಗೆ ಪತ್ರದ ಪ್ರತಿ ಲಗತ್ತಿಸಿದೆ. ಅವಧಿ: ಮಾರ್ಚ್ ಹದಿನಾಲ್ಕರಿಂದ ಸೆಪ್ಟೆಂಬರ್ ಹದಿನಾಲ್ಕು. ಆರು ತಿಂಗಳು. ಸಹಿ ಹಾಕಿದ ದಿನ: ಜನವರಿ ನಾಲ್ಕು.

ಜನವರಿ ನಾಲ್ಕು! ಮಗು ಹುಟ್ಟಲು ಇನ್ನೂ ಹತ್ತೊಂಬತ್ತು ದಿನ ಇತ್ತು. ಅಂದರೆ ನನ್ನ ಹಾಸಿಗೆಯ ಪಕ್ಕ ಕೂತು ‘ಜುಲೈಯಿಂದ ಇವಳು ನನ್ನ ಪಾಲು, ನೀನು ಆರಾಮಾಗಿ ಕೆಲಸಕ್ಕೆ ಹೋಗು’ ಅಂದಾಗ ನಿನಗೆ ಗೊತ್ತಿತ್ತು. ‘ಮೂರು ವಾರ’ ಅಂದಾಗ ಗೊತ್ತಿತ್ತು. ‘ಸ್ವಲ್ಪ ದಿನ’ ಅಂದಾಗ ಗೊತ್ತಿತ್ತು. ‘ಜೂನ್ ಕೊನೆ’ ಎಂದು ಮೊನ್ನೆ ಬರೆಯುವಾಗಲೂ ಗೊತ್ತಿತ್ತು. ಆ ಪಾಪದ ಮರಿಯನ್ನು ಯಾಕೆ ನೆಪ ಮಾಡಿದೆ?

ನಾಲ್ಕನೇ ಕಲಮಿನಲ್ಲಿ ಒಂದು ಪ್ರಶ್ನೆ ಇದೆ. ‘ಈ ಅವಧಿಯಲ್ಲಿ ನಿಮ್ಮ ಆರೈಕೆಯನ್ನು ನೆಚ್ಚಿಕೊಂಡ ಮಕ್ಕಳು ಮನೆಯಲ್ಲಿದ್ದಾರೆಯೇ?’ ನಿನ್ನ ದುಂಡು ಅಕ್ಷರದಲ್ಲಿ ಉತ್ತರ: ಇಲ್ಲ.

ಅದರ ಕೆಳಗೆ ಸಾಕ್ಷಿಯ ಸಹಿ. ನನ್ನ ಗಂಡನದು.

ಇವರು ಕೆಲಸದಿಂದ ಬಂದಾಗ ಕಾಗದವನ್ನು ಮೇಜಿನ ಮೇಲಿಟ್ಟಿದ್ದೆ. ಷೂ ಬಿಚ್ಚುತ್ತಿದ್ದವರು ನೋಡಿ, ಬಿಚ್ಚಿದ ಷೂವನ್ನೇ ಮತ್ತೆ ಹಾಕಿಕೊಂಡರು.

‘ಎಲ್ಲಿಗೆ ಹೊರಟ್ರಿ?’

‘ಎಲ್ಲಿಗೂ ಇಲ್ಲ. ಅತ್ತೆ ತಾವೇ ಹೇಳ್ತೀನಿ ಅಂದಿದ್ರು ಕಣೇ.’

‘ಯಾವಾಗ?’

‘ನೀನು ಸುಧಾರಿಸ್ಕೊಂಡ ಮೇಲೆ. ಬಾಣಂತಿ ಮನಸ್ಸು ಕೆಡಿಸಿದ್ರೆ ಹಾಲು ನಿಂತ್ಹೋಗುತ್ತೆ ಅಂದ್ರು. ಅವರು ನರ್ಸು, ನಾನೇನು ಎದುರು ಹೇಳ್ಲಿ?’

‘ಹಾಲು ನಿಲ್ಲಬಾರದು ಅಂತ ಇಬ್ಬರೂ ಸೇರಿ ನನ್ನ ಹಸು ಮಾಡಿ ಕಟ್ಟಿಹಾಕಿದ್ರಾ?’

ಮಗು ಎಚ್ಚರವಾಗಿ ಹುಬ್ಬು ಗಂಟಿಕ್ಕಿ ಇಬ್ಬರನ್ನೂ ನೋಡಿತು. ನಗಬೇಕಾದ ಹೊತ್ತು, ಯಾರೂ ನಗಲಿಲ್ಲ.

ನನ್ನ ಹಾಲು ನಿಂತಿಲ್ಲ ಅಮ್ಮ. ನಿಮ್ಮ ಔಷಧಿ ಚೆನ್ನಾಗಿ ಕೆಲಸ ಮಾಡಿದೆ.

ಇನ್ನೊಂದು ಮಾತು. ನೀನು ನನಗೆ ಜಡೆ ಹಾಕಿದ ನೆನಪಿಲ್ಲ, ಹಾಡಿದ ನೆನಪಿಲ್ಲ. ಅದಕ್ಕೆ ನಾನು ಯಾವತ್ತೂ ಲೆಕ್ಕ ಕೇಳಿಲ್ಲ. ಆ ಹತ್ತು ಗುಟುಕಿನ ಎಣಿಕೆಯೊಂದನ್ನು ನೀನು ನನ್ನ ಮಗಳಿಗೆಂದು ತಂದುಕೊಟ್ಟೆ ಅಂದುಕೊಂಡಿದ್ದೆ. ನಿನ್ನಿಂದ ನನಗೆ, ನನ್ನಿಂದ ಅವಳಿಗೆ. ಅದೂ ನಮ್ಮದಲ್ಲ. ಬಾಟಲಿ ಹಿಡಿದರೆ ಬಾಯಿಗೆ ತಾನಾಗಿ ಬರುವ ಅಭ್ಯಾಸವಂತೆ.

ಉತ್ತರ ಬರೆಯಬೇಡ.

(ಸಹಿ ಇಲ್ಲ)

*

ಮೇ ೨೭

ಮಗಳೇ,

ಬೇಡ ಅಂದಿದ್ದೀಯ. ಬರೆಯುತ್ತಿದ್ದೇನೆ.

ಎಲ್ಲ ನಿಜ. ಆರು ತಿಂಗಳಿಗೇ ಸಹಿ ಹಾಕಿದ್ದೆ. ನಿನ್ನ ಗಂಡನ ತಪ್ಪಿಲ್ಲ, ನಾನೇ ಬಾಯಿ ಕಟ್ಟಿಸಿದೆ. ಎಣಿಸಿದ್ದು, ಮರಿ ಹಟ ಹಿಡಿದದ್ದು ಸುಳ್ಳಲ್ಲ. ಅದಕ್ಕೋಸ್ಕರ ಉಳಿದೆ ಅಂದದ್ದು ಸುಳ್ಳು.

ನಾನು ರಿಟೈರಾದ ದಿನ ಹಾರ ಹಾಕಿ ಕಾರಿನಲ್ಲಿ ಮನೆಗೆ ಕಳಿಸಿದರು. ಮರುದಿನ ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜಿರಲಿಲ್ಲ, ನೀನು ಫೋನು ಮಾಡಿದೆ. ಆಗ ನಿನಗೆ ನಾಲ್ಕು ತಿಂಗಳು. ‘ಅಮ್ಮ, ಇನ್ನು ನೀನು ಫ್ರೀ ಅಲ್ವಾ?’ ಅಂದೆ. ಆಮೇಲೆ ಒಂದೊಂದಾಗಿ ಹೇಳುತ್ತಾ ಹೋದೆ. ಯಾವ ತಿಂಗಳಿಂದ ಬರಬೇಕು, ಯಾವ ಕೋಣೆ ನನ್ನದು, ನೀನು ಎಷ್ಟು ಗಂಟೆಗೆ ಹೊರಡುತ್ತೀಯ, ಎಷ್ಟಕ್ಕೆ ಬರುತ್ತೀಯ. ನಾನು ‘ಹೂಂ’ ಅನ್ನುತ್ತಾ ಇದ್ದೆ. ಫೋನಿಟ್ಟ ಮೇಲೆ ನೋಡಿದರೆ ಅದು ಡ್ಯೂಟಿ ಚಾರ್ಟು.

ನನಗೆ ಮಕ್ಕಳು ಸಾಕಾಗಿತ್ತು ಕಣೇ. ಇದನ್ನು ಯಾವ ಅಜ್ಜಿಯೂ ಬಾಯಿಬಿಟ್ಟು ಹೇಳುವುದಿಲ್ಲ. ನಿನ್ನ ಮುಖ ನೋಡಿಕೊಂಡು ‘ಆಗಲ್ಲ’ ಅನ್ನುವ ಧೈರ್ಯ ನನಗಿರಲಿಲ್ಲ. ಅದಕ್ಕೇ ದೂರ ಹೋಗಿ ಹೇಳೋಣ ಅಂದುಕೊಂಡೆ. ದೂರ ಬಂದ ಮೇಲೂ ಬರಲಿಲ್ಲ. ಇಲ್ಲಿಯೂ ಬಾಟಲಿಯೇ ಹಿಡಿದಿದ್ದೀಯಲ್ಲ ಅನ್ನುತ್ತೀಯ. ಹೌದು. ಆದರೆ ಬೆಳಿಗ್ಗೆ ಬಾಗಿಲು ತೆಗೆದರೆ ನದಿ ಇದೆ. ಮೊನ್ನೆ ಒಂದು ಜಿಂಕೆ ಅಷ್ಟು ಹತ್ತಿರ ನಿಂತು ನೀರು ಕುಡಿಯಿತು, ಅದರ ಗಂಟಲಲ್ಲಿ ನೀರು ಇಳಿಯುವುದು ಕಾಣುತ್ತಿತ್ತು. ನಾನು ಅದಕ್ಕೆ ಏನೂ ಮಾಡಬೇಕಿರಲಿಲ್ಲ. ಸುಮ್ಮನೆ ನೋಡಿದೆ.

ನಾಲ್ಕನೇ ಕಲಮಿಗೆ ‘ಇಲ್ಲ’ ಎಂದು ಬರೆಯುವಾಗ ಕೈ ನಿಂತಿತ್ತು. ಆಮೇಲೆ ಬರೆದೆ.

ಅಮ್ಮ

*

ಜೂನ್ ೧೪

ಮಗಳೇ,

ಎರಡು ಜೀಪು ಬಂದು ಹೋದವು. ನಿನ್ನದೇನೂ ಇರಲಿಲ್ಲ.

ಹನ್ನೊಂದರ ವಿಷಯ ಹೇಳಿಬಿಡುತ್ತೇನೆ. ನನ್ನನ್ನು ಗೂಡುಗಳಿಂದ ದೂರ ಇಟ್ಟಿದ್ದಾರೆ. ಮೀನು ಕತ್ತರಿಸುತ್ತೇನೆ, ಬಕೆಟ್ಟು ತೊಳೆಯುತ್ತೇನೆ. ಅದು ನಾಲ್ಕು ದಿನ ಏನೂ ಮುಟ್ಟಲಿಲ್ಲ. ಐದನೆಯ ದಿನ ಮೀನಿನ ಚೂರು ತಿಂದಿತು. ಈಗ ತಿನ್ನುತ್ತದೆ, ಈಜುತ್ತದೆ. ಆದರೆ ದಡದಲ್ಲಿ ಯಾರು ಮಾತಾಡಿದರೂ ಓಡಿಬಂದು ಕಾಲ ಬಳಿ ಮೂತಿ ಎತ್ತಿ ನಿಲ್ಲುತ್ತದೆ. ಅದನ್ನು ನದಿಗೆ ಬಿಡುವುದಿಲ್ಲ ಎಂದು ಡಾಕ್ಟರಮ್ಮ ಬರೆದುಬಿಟ್ಟರು. ಬದುಕಿರುವಷ್ಟು ಕಾಲ ತಂತಿಬೇಲಿಯ ಕೊಳದಲ್ಲೇ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೇಕಾದರೆ ಮನೆಗೆ ಹೋಗಬಹುದು ಅಂದಿದ್ದಾರೆ. ಜೂನ್ ಇಪ್ಪತ್ತೆಂಟಕ್ಕೆ ಒಂದು ಟಿಕೆಟ್ ಸಿಗುತ್ತಿತ್ತು. ಜುಲೈ ಹತ್ತಕ್ಕೆ ಹನ್ನೊಂದನ್ನು ಆ ಕೊಳಕ್ಕೆ ಸಾಗಿಸುತ್ತಾರೆ. ಅದೊಂದು ನೋಡಿ ಬರುತ್ತೇನೆ. ಹದಿನಾಲ್ಕರ ಮಧ್ಯಾಹ್ನ ಮನೆಯಲ್ಲಿರುತ್ತೇನೆ. ಆ ಎರಡು ವಾರ ಮೇಲಿನ ಮನೆಯವರು ನೋಡಿಕೊಳ್ಳುತ್ತಾರೇನೋ ಕೇಳು.

ಅಮ್ಮ

*

ಜುಲೈ ೧೩

ಅಮ್ಮಾ,

ಇದನ್ನು ಟಪಾಲಿಗೆ ಹಾಕುವುದಿಲ್ಲ. ನಾಳೆ ಮಧ್ಯಾಹ್ನ ನೀನು ಬರುವಾಗ ನಾನು ಪರೀಕ್ಷಾಲಯದಲ್ಲಿರುತ್ತೇನೆ. ಬಾಟಲಿಗಳ ಸ್ಟ್ಯಾಂಡಿನ ಪಕ್ಕ ಇಟ್ಟಿರುತ್ತೇನೆ. ಒಳಗೆ ಬಂದವಳೇ ಕೈ ತೊಳೆಯಲು ಅಲ್ಲಿಗೇ ಹೋಗುತ್ತೀಯ, ನನಗೆ ಗೊತ್ತು.

ಮೇಲಿನ ಮನೆಯವರನ್ನು ಕೇಳು ಎಂದು ನೀನು ಬರೆಯುವ ಮೊದಲೇ ಕೇಳಿದ್ದೆ. ಟೈಲರಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. ‘ಮಿಷನ್ ಪಕ್ಕದಲ್ಲಿ ತೊಟ್ಟಿಲು ಹಾಕ್ಕೋತೀನಿ, ಸದ್ದಿಗೆ ಮಕ್ಕಳು ಚೆನ್ನಾಗಿ ಮಲಗ್ತವೆ’ ಅಂದರು. ಜೂನ್ ಐದರಿಂದ ದಿನಕ್ಕೆರಡು ಗಂಟೆ ಅಭ್ಯಾಸಕ್ಕೆಂದು ಬಿಟ್ಟೆ. ಮಲಗಿದಳು, ಆಡಿದಳು. ಕುಡಿಯಲಿಲ್ಲ. ಬಾಟಲಿ ತುಟಿಗೆ ತಂದರೆ ಮುಖ ತಿರುವಿ ಕಿರುಚುವುದು. ಎಣಿಸಬೇಕು ಎಂದು ಹೇಳಿಕೊಟ್ಟೆ. ‘ಎಣಿಸೋದು ನನಗೆ ಹೇಳಿಕೊಡಬೇಕಾ? ದಿನವಿಡೀ ಟೇಪು ಹಿಡಿಯೋಳು ನಾನು’ ಎಂದು ನಗುತ್ತ ಎಣಿಸಿದರು. ಅವಳಿಗೆ ಬೇಕಾದದ್ದು ಎಣಿಕೆಯಲ್ಲ, ನನ್ನ ಎಣಿಕೆ. ಕೆಳಗಿನ ಮೆಟ್ಟಿಲ ಮೇಲೆ ಕೂತು ನಾನು ಕೇಳಿಸಿಕೊಳ್ಳುತ್ತಿದ್ದೆ. ಒಂಬತ್ತು ದಿನ. ‘ಏನಮ್ಮಾ, ನಿನ್ನ ಮಗಳು ನನ್ನ ಹತ್ರ ಉಪವಾಸ ಮಾಡಿ ಸತ್ಯಾಗ್ರಹ ಮಾಡ್ತಾಳೆ. ಕೆಲಸ ಬಿಡೋದೇ ಸರಿ ಅನ್ಸುತ್ತೆ’ ಅಂದರು ಟೈಲರಮ್ಮ. ತಮಾಷೆಯಾಗಿ ಶುರುಮಾಡಿ ತಮಾಷೆಯಲ್ಲದೆ ಮುಗಿಸಿದರು. ರಾಜೀನಾಮೆಯ ಕಾಗದ ಬರೆದು ಮಡಿಸಿಯೂ ಇಟ್ಟೆ.

ಅದನ್ನು ಇಡಲು ಡ್ರಾಯರ್ ತೆಗೆದಾಗ ನಿನ್ನ ಏಪ್ರಿಲ್ ಎರಡರ ಕಾಗದ ಸಿಕ್ಕಿತು. ಓದಿದೆ. ಎರಡನೆಯ ಸಲ ಪೆನ್ಸಿಲು ಹಿಡಿದು ಓದಿದೆ.

ಹಳೆಯ ಬೂದು ಚಾದರ ಕತ್ತರಿಸಿ ಟೈಲರಮ್ಮ ಎರಡು ನಿಲುವಂಗಿ ಹೊಲಿದುಕೊಟ್ಟರು. ಯಾಕೆ ಎಂದು ಕೇಳಲಿಲ್ಲ, ನನ್ನ ಮುಖ ನೋಡಿ ಹೊಲಿದರು. ಒಂದು ಅವರಿಗೆ, ಒಂದು ನನಗೆ. ನಾನು ತಲೆಗೆ ಎಣ್ಣೆ ಹಾಕುವುದು ಬಿಟ್ಟೆ, ಪೌಡರು ಬಿಟ್ಟೆ. ಮೂಗಿನವರೆಗೆ ಬಟ್ಟೆ ಕಟ್ಟಿಕೊಂಡೆ. ಕಣ್ಣಲ್ಲಿ ಕಣ್ಣಿಡಲಿಲ್ಲ, ಗೋಡೆಯ ಕ್ಯಾಲೆಂಡರು ನೋಡಿದೆ. ಮಾತಾಡಲಿಲ್ಲ. ಎಣಿಸಲಿಲ್ಲ. ಒಂದು ಸಲ ಅವರು, ಒಂದು ಸಲ ನಾನು, ಒಂದೇ ಅಂಗಿ, ಒಂದೇ ಕುರ್ಚಿ.

ಮೊದಲ ದಿನ ಅವಳು ಬಾಯಿಗೆ ಬಂದ ಹಾಲನ್ನು ಇಳಿಸದೆ ಕಾದಳು. ನನ್ನ ಗಂಟಲಿನ ಕಡೆ ನೋಡುತ್ತಿದ್ದಳು. ಹನ್ನೊಂದು ನೋಡುತ್ತಿತ್ತು ಎಂದು ನೀನು ಬರೆದಿದ್ದೆಯಲ್ಲ, ಹಾಗೇ. ಕೊನೆಗೆ ಹಾಲು ತುಟಿಯ ಅಂಚಿನಿಂದ ಇಳಿದುಹೋಯಿತು. ಎರಡನೆಯ ದಿನ ಕೈಚಾಚಿ ಬಟ್ಟೆ ಎಳೆದಳು. ನಾನು ಮತ್ತೆ ಕಟ್ಟಿಕೊಂಡೆ. ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, ‘ಸಾಕು ಬಿಡೇ, ನಾನೇ ಕೆಲಸ ಬಿಡ್ತೀನಿ’ ಅಂದರು. ಸಾಕ್ಷಿಗಳು ಮಾತಾಡುವ ಹಾಗಿಲ್ಲ ಎಂದು ಕೈಸನ್ನೆ ಮಾಡಿದೆ. ನಾಲ್ಕನೆಯ ದಿನ ಅವಳು ಹುಡುಕುವುದನ್ನು ನಿಲ್ಲಿಸಿದಳು. ಏಳನೆಯ ದಿನ ಟೈಲರಮ್ಮನ ಕೈಯಲ್ಲಿ ತೊಂಬತ್ತು ಮಿಲಿ ಕುಡಿದಳು, ಫ್ಯಾನು ನೋಡುತ್ತ. ಕಕ್ಕಲಿಲ್ಲ.

ನಿನ್ನ ಹನ್ನೊಂದಕ್ಕೆ ಆಗದ್ದು ಇವಳಿಗೆ ಆಯಿತು. ಈಗ ಯಾರ ಕೈಯಲ್ಲಾದರೂ ಕುಡಿಯುತ್ತಾಳೆ. ನಿಮ್ಮ ಡಾಕ್ಟರಮ್ಮ ನೋಡಿದ್ದರೆ ನನಗೊಂದು ಪ್ರಶಸ್ತಿ ಪತ್ರ ಕೊಡುತ್ತಿದ್ದರು.

ಜುಲೈ ಒಂದಕ್ಕೆ ಹತ್ತು ನಿಮಿಷ ಮುಂಚೆಯೇ ಹೋಗಿ ಸಹಿ ಹಾಕಿದೆ. ಆ ಹುಡುಗಿ ನನ್ನ ಮೇಜಿನಿಂದ ಕನ್ನಡಿ, ಬಾಚಣಿಗೆ ತೆಗೆದುಕೊಂಡು ಸರಿದಳು. ಮರುದಿನ ಮಧ್ಯಾಹ್ನ ಕಾವುಪೆಟ್ಟಿಗೆಯಿಂದ ಗಾಜಿನ ತಟ್ಟೆ ತೆಗೆದು ದೀಪದ ಮೇಲಿಟ್ಟು ಕ್ರಿಮಿಗಳ ಚುಕ್ಕಿ ಎಣಿಸುತ್ತಿದ್ದೆ. ಪಕ್ಕದ ಮೇಜಿನವರು ತಿರುಗಿ ನೋಡಿದಾಗಲೇ ತಿಳಿದದ್ದು, ನಾನು ದನಿ ತೆಗೆದು ಎಣಿಸುತ್ತಿದ್ದೇನೆ ಎಂದು. ಒಂದೂ, ಎರಡೂ, ಮೂರೂ, ಐದಕ್ಕೆ ಏರಿಸಿ. ತಟ್ಟೆಯಲ್ಲಿ ಇನ್ನೂ ಚುಕ್ಕಿಗಳಿದ್ದವು. ಹತ್ತಕ್ಕೆ ನಿಂತುಬಿಟ್ಟೆ. ಕುಪ್ಪಸದ ಎದೆ ಒದ್ದೆಯಾಗಿತ್ತು. ಬಿಳಿ ಕೋಟಿನ ಗುಂಡಿ ಹಾಕಿಕೊಂಡು ಮತ್ತೆ ಹನ್ನೊಂದರಿಂದ ಶುರುಮಾಡಿದೆ.

ನಿನಗೆ ಮಕ್ಕಳು ಸಾಕಾಗಿತ್ತು ಎಂಬುದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಈಗ ಚೆನ್ನಾಗಿಯೇ ಬಲ್ಲೆ. ಅಂದು ಫೋನಿನಲ್ಲಿ ನಿನ್ನನ್ನು ಕೇಳದೆ ಎಲ್ಲ ನಿಶ್ಚಯ ಮಾಡಿದೆ, ಅದು ನನ್ನ ತಪ್ಪು. ‘ಆಗಲ್ಲ’ ಎಂದು ಒಂದು ಮಾತು ಹೇಳಿದ್ದರೆ ಎರಡು ದಿನ ಅತ್ತು ಸುಮ್ಮನಾಗುತ್ತಿದ್ದೆ. ಎಣಿಸದೆ ಕುಡಿಸುವುದನ್ನು ಫೆಬ್ರವರಿಯಲ್ಲೇ ಶುರುಮಾಡುತ್ತಿದ್ದೆ. ಅವಳಿಗೆ ಹುಡುಕಲು ಏನೂ ಇರುತ್ತಿರಲಿಲ್ಲ.

ನಿನ್ನ ಮಂಚ ಸಿದ್ಧವಿದೆ. ದಿಂಬಿಗೆ ನೀಲಿ ಕವರು ಏಪ್ರಿಲ್‌ನಿಂದ ಹಾಗೇ ಇದೆ. ಎಷ್ಟು ದಿನ ಇರುತ್ತೀಯ ಎಂದು ಕೇಳುವುದಿಲ್ಲ. ಮಗು ಮೇಲಿನ ಮನೆಯಲ್ಲಿದೆ. ಹೋಗಿ ಕರೆದುಕೊಂಡು ಬಾ. ನಿನ್ನನ್ನು ನೋಡಿ ನಗುತ್ತಾಳೆ. ಗುರುತು ಹಿಡಿದಳು ಅಂದುಕೊಳ್ಳಬೇಡ, ಈಗ ಎಲ್ಲರಿಗೂ ನಗುತ್ತಾಳೆ. ಮೂರು ಗಂಟೆಗೆ ನೂರಿಪ್ಪತ್ತು ಮಿಲಿ. ಅಳತೆ ಗೆರೆ ಬಾಟಲಿಯ ಮೇಲೇ ಇದೆ. ನಿಲುವಂಗಿ ಬಾಗಿಲ ಹಿಂದೆ ತೂಗುಹಾಕಿದ್ದೇನೆ, ನಿನಗೆ ಅಭ್ಯಾಸವಿದೆ.

ಎಣಿಸಬೇಡ. ಇನ್ನೊಂದು ಸಲ ಮರೆಸುವುದಕ್ಕೆ ನನ್ನ ಹತ್ತಿರ ರಜೆ ಉಳಿದಿಲ್ಲ.

ಇನ್ಸ್‌ಪೆಕ್ಟರ ತಾಯಿ